ಅಪ್ಪನ ಹೆಸರ ಕೇಳೂದಕ್ಕ ಮೊದಲ

ಅಕ್ಕಾರ, ತಂಗೇರ, ವೈನಿಗೋಳ, ಈ ಸಲ ಉಪ್ಪಿನಕಾಯಿ ಬಗ್ಗೆ ಬರೀತೀನಂತ ಹೇಳಿದ್ದೆ. ಮಾವಿನಕಾಯಿ ಹೆಚ್ಚಿ ಉಪ್ಪ ಹಚ್ಚಿ ಇಟ್ಟೀನಿ, ಅದು ಮುಂದಿನ ವಾರ ಆಗ್ಲಿ. ಇವತ್ತ ಜಗಳಾ ಮಾಡೂದೈತಿ. ನಿಮ್ಮ ಸಂಗಡಾನೂ ಐತಿ, ನನ್ನ ಸಂಗಡಾನೂ ಐತಿ.

ಮಾರ್ಚ್ 8ಕ್ಕ ನಮ್ಮ ಸಂಘದಾಗ ಮಹಿಳಾ ದಿನ ಮಾಡಿದ್ವಿ, ನೆನಪೈತೇನ್ರಿ? ಭಾಷಣ ಮಾಡ ಅಂತ ನನ್ನ ಮುಂದ ನೂಕಿದ್ರಿ. ನಾ ನಾಕ ಹೆಸರ ಬರಕೊಂಡ ಹೋಗಿದ್ದೆ. ಹದಿನೈದ ಸಾವಿರ ಹೆರಿಗಿ ಮಾಡಿಸಿದ ಪಾವಗಡದ ಸೂಲಗಿತ್ತಿ ನರಸಮ್ಮ. ಸಾರಾಯಿ ವಿರುದ್ಧ ನಿಂತ, ಹಾಡ ಹಾಡತಾನ ಊರ ಎಬ್ಬಿಸಿದ ಅಂಕೋಲಾದ ಸುಕ್ರಿ ಬೊಮ್ಮಗೌಡ. ಗಿಡಾನ ಮಕ್ಕಳಂಗ ಬೆಳಸಿದ ಹೊನ್ನಳ್ಳಿ ತುಳಸಿ ಗೌಡ. ಕಡೀಕ ನಮ್ಮ ಕಡೀಯಾಕಿ, ಕಬ್ಬೂರಿನ ಸೀತವ್ವ ಜೋಡಟ್ಟಿ. ಸೀತವ್ವನ ಮಾತ ಬಂದಾಗ ಮುಂದ ಕುಂತಿದ್ದ ನಮ್ಮ ದೊಡ್ಡಕ್ಕ ಸೆರಗಿನಾಗ ಕಣ್ಣ ಒರಸ್ಕೊಂಡ್ಳು. ಸಂಜೀಕ ಬಳಗದ ವಾಟ್ಸಾಪ್ ಗುಂಪಿನಾಗ ಸೀತವ್ವ ಪದ್ಮಶ್ರೀ ತಗೊಳ್ಳೂ ಫೋಟೋ ಬಂತು, ಅದರ ಕೆಳಗ ಕೈ ಮುಗಿದ ಚಿತ್ರ ಸಾಲಸಾಲಾಗಿ ಬಿದ್ದೂವು.

ಅದಾಗಿ ಹನ್ನೊಂದ ದಿನಕ್ಕ ನಮ್ಮ ಅಡಗಿಮನ್ಯಾಗ ಏನ ನಡೀತಂತ ನಿಮಗೆಲ್ಲಾ ಗೊತ್ತೈತಿ. ಗೊತ್ತಿಲ್ಲದವ್ರ ಸಂಬಂಧ ಹೇಳ್ತೀನಿ. ನಮ್ಮ ಅಕ್ಕನ ಮಗ ಒಂದ ಹುಡುಗಿನ್ನ ಇಷ್ಟಪಟ್ಟಾನ. ಹುಡುಗಿ ನರ್ಸಿಂಗ್ ಓದ್ಯಾಳ, ನೌಕರಿ ಮಾಡ್ತಾಳ, ತಾಯಿನ್ನ ಸಂಗಡ ಇಟ್ಕೊಂಡ ಸಾಕ್ತಾಳ. ನಮ್ಮ ಅತ್ತಿ ಆಸ್ಪತ್ರ್ಯಾಗಿದ್ದಾಗ ರಾತ್ರಿ ಪಾಳಿ ಆಕೀದ ಇತ್ತು, ಒಂದ ಸಲಾನೂ ಮಕಾ ಸಿಂಡರಸಲಿಲ್ಲ ಅಂತ ನೀವ ಹೇಳೀರಿ. ಹುಡುಗಿ ಬಗ್ಗೆ ಎಲ್ಲಾರೂ ಹೂಂ ಅಂದ್ರಿ. ಆಮ್ಯಾಲ ಯಾರೋ ಕೇಳಿದ್ರಿ, "ಅಪ್ಪನ ಹೆಸರೇನ?"

ಆಕಿ ಅವ್ವಗ ಸಣ್ಣಾಕಿದ್ದಾಗ ಎಲ್ಲವ್ವನ ಹೆಸರಿಲೆ ಮುತ್ತು ಕಟ್ಟಿದ್ರು. ಹುಡುಗಿ ತನ್ನ ಹೆಸರಿನ ಮುಂದ ತಾಯಿ ಹೆಸರ ಹಚ್ಕೊಂಡಾಳ. ಅಷ್ಟ ಕೇಳಿದ್ದ ತಡ, ಲಟ್ಟಣಗಿ ಸಪ್ಪಳಾನೂ ನಿಂತ ಹೋತು. "ಹುಡುಗಿ ಬಂಗಾರದಂಥಾಕಿ ಖರೆ, ಆದ್ರ..." ಅಂದ್ರಿ. ಆ "ಆದ್ರ" ಮುಂದ ಯಾರೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಒಲಿ ಮುಂದ ಕುಂತ ರೊಟ್ಟಿ ತಿರುವಿ ಹಾಕಿದೆ. ನನ್ನ ಸಂಗಡ ಜಗಳಾ ಅಂದೆನಲ್ಲಾ, ಅದು ಇದ.

ಇದನ್ನ ಬರೀಲಿ ಬ್ಯಾಡೊ ಅಂತ ಆ ಹುಡುಗಿಗೇ ಫೋನ್ ಹಚ್ಚಿ ಕೇಳಿದೆ. "ಬರೀರಿ ಚಿಗವ್ವಾ, ನನ್ನ ಹೆಸರ ಬ್ಯಾಡ, ಊರ ಬ್ಯಾಡ. ಮತ್ತ ಪಾಪ ಅಂತ ಮಾತ್ರ ಬರೀಬ್ಯಾಡ್ರಿ" ಅಂದ್ಳು. ಅದಕ್ಕ ಪಾಪ ಅನ್ನೂ ಶಬ್ದ ಬಿಟ್ಟ ಬರೀತೀನಿ.

ನಾವು ಹುಡುಗ್ಯಾರಿದ್ದಾಗ ಮಂಗಳವಾರ ಶುಕ್ರವಾರ ನಮ್ಮ ಅನಗವಾಡಿ ಓಣ್ಯಾಗ ಜೋಗವ್ವ ಬರ್ತಿದ್ಳು. ಕೊರಳಾಗ ಕೆಂಪು ಬಿಳಿ ಮಣಿ, ಕೈಯಾಗ ಚೌಡಕಿ, ಹಣಿ ತುಂಬ ಬಂಡಾರ. ನಮ್ಮವ್ವ ಮರದಾಗ ಜ್ವಾಳ ತಗೊಂಡ ಹೋಗಿ ಹೊಸ್ತಲ ದಾಟದಂಗ ನಿಂತ ಹಾಕ್ತಿದ್ಳು, ಬಗ್ಗಿ ಕಾಲಿಗೂ ಬೀಳ್ತಿದ್ಳು. ಆಕಿ ಹೊಳ್ಳಿ ಹೋದ ಮ್ಯಾಲ ಕಟ್ಟಿಗೆ ನೀರ ಹಾಕ್ತಿದ್ಳು. ಕಾಲಿಗೆ ಬಿದ್ದಾಕೀನೂ ಅವ್ವನ, ನೀರ ಹಾಕಿದಾಕೀನೂ ಅವ್ವನ. ಸಣ್ಣಾಕಿದ್ದಾಗ ಇದು ನನಗ ವಿಚಿತ್ರ ಅನಸಲಿಲ್ಲ. ಈಗ ಅನಸತೈತಿ, ಯಾಕಂದ್ರ ನಾವು ಅದನ್ನ ಬಿಟ್ಟಿಲ್ಲ. ಜ್ವಾಳದ ಬದ್ಲಿ ಕೈ ಮುಗಿದ ಚಿತ್ರ ಕಳಸ್ತೀವಿ, ನೀರಿನ ಬದ್ಲಿ "ಆದ್ರ" ಅಂತೀವಿ.

ಈಗ ಸೀತವ್ವನ ಮಾತ ಕೇಳ್ರಿ. ಭಾಷಣದಾಗ ನಾ ಅಕೀದು ಬರೇ ಪ್ರಶಸ್ತಿ ಹೇಳಿದ್ದೆ, ಕೆಲಸಾ ಹೇಳಿರಲಿಲ್ಲ.

ಬೆಳಗಾವಿ ಜಿಲ್ಲೆ ಚಿಕ್ಕೋಡಿ ಕಡೆ ಕಬ್ಬೂರಿನಾಕಿ. ಏಳ ವರ್ಷದಾಕಿದ್ದಾಗ ದೇವರಿಗೆ ಬಿಟ್ರು. ಏಳ ವರ್ಷ ಅಂದ್ರ ಎಷ್ಟ ಸಣ್ಣದಂತ ನಮ್ಮ ಮನಿ ಎರಡನೇತ್ತೆ ಹುಡುಗೀನ್ನ ನೋಡ್ರಿ, ಜಡಿ ಹೆಣಕೊಳ್ಳಾಕ ಬರಂಗಿಲ್ಲ ಅದಕ್ಕ. 1990ರ ಸುಮಾರ ಮೈರಾಡ ಸಂಸ್ಥೆದವ್ರು ಬೆಳಗಾವಿ ಜಿಲ್ಲಾದಾಗ ಮುತ್ತು ಕಟ್ಟಿಸಿಕೊಂಡ ಹೆಣ್ಣಮಕ್ಕಳನ್ನ ಕೂಡಿಸಿ ಕೆಲಸ ಸುರು ಮಾಡಿದಾಗ ಸೀತವ್ವ ಅದರಾಗ ಬಂದ್ಳು. 1997ರಾಗ ಆ ಹೆಣ್ಣಮಕ್ಕಳ ತಮ್ಮದ ಒಂದ ಸಂಸ್ಥೆ ಕಟ್ಟಿದ್ರು, ಘಟಪ್ರಭಾದಾಗ. ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ, ಜನ 'ಮಾಸ್' ಅಂತ ಕರೀತಾರ. ಹೊರಗಿನಾವ್ರು ಬಂದ ಉದ್ಧಾರ ಮಾಡೂ ಸಂಸ್ಥೆ ಅಲ್ಲ ಅದು. ಮುತ್ತು ಕಟ್ಟಿಸಿಕೊಂಡಾವ್ರ ಕಟ್ಟಿದ್ದು, ಅವ್ರ ನಡಸಿದ್ದು. ಸೀತವ್ವ ಅದರ ಮುಖ್ಯಸ್ಥಳಾದ್ಳು. 2018ಕ್ಕ ಪದ್ಮಶ್ರೀ ಬಂತು.

ಅವ್ರು ಮಾಡೂ ಕೆಲಸ ದೊಡ್ಡ ದೊಡ್ಡ ಭಾಷಣದ್ದಲ್ಲ, ಮನಿ ಮನೀ ಕೆಲಸ. ಯಾವ ಮನ್ಯಾಗ ಹುಡುಗಿನ್ನ ಬಿಡಾಕ ನಿಂತಾರಂತ ಸುದ್ದಿ ತಗೊಳ್ಳೂದು, ಅಲ್ಲಿ ಹೋಗಿ ಪಡಸಾಲ್ಯಾಗ ಕುಂದರೂದು. ಬೈಸ್ಕೊಳ್ಳೂದು, ಮತ್ತ ಮರುದಿನ ಹೋಗೂದು. ಕೇಳಲಿಲ್ಲಂದ್ರ ಕಾನೂನ ತೋರಸೂದು. ಮುತ್ತು ಕಟ್ಟೂದಕ್ಕ ಕಾರಣ ನಮಗ ಗೊತ್ತಿರೂವ ಅದಾವ: ಗಂಡಮಕ್ಕಳಿಲ್ಲ, ಮುಪ್ಪಿನ ಕಾಲಕ್ಕ ನೋಡಾವ್ರ ಬೇಕು, ಮನ್ಯಾಗ ಜಡ್ಡ ಹೊಂಟಿಲ್ಲ, ಹುಡುಗಿ ತಲ್ಯಾಗ ಜಡಿಗಟ್ಟೇತಿ, ಎಲ್ಲವ್ವ ಕರದಾಳ. ಎಣ್ಣಿ ಕಾಣದ, ಹಣಿಗಿ ಕಾಣದ ಕೂದಲ ಗಂಟ ಬಿದ್ರ ಅದು ದೇವಿ ಕರೀಯೂದಲ್ಲ ಅಂತ ಹೇಳಾಕ ಯಾರ ಬೇಕು? ದೊಡ್ಡ ಪಂಡಿತರ ಮಾತ ಯಾರ ಕೇಳ್ತಾರ? "ನನಗೂ ಹಿಂಗ ಹೇಳೇ ಕಟ್ಟಿದ್ರು, ನೋಡವಾ, ನಂದೇನಾತು" ಅನ್ನಾಕಿ ಹೇಳಿದ್ರ ಕೇಳ್ತಾರ. ಬಿಟ್ಟ ಬಂದ ಹೆಣ್ಣಮಗಳಿಗೆ ಸಂಘ, ಉಳಿತಾಯ, ಆಡು ಎಮ್ಮಿಗೆ ಸಾಲ. ಮಕ್ಕಳಿಗೆ ಸಾಲಿ. ಸಾವಿರಾರು ಹೆಣ್ಣಮಕ್ಕಳ ಹಿಂಗ ಹೊರಗ ಬಂದಾರ.

ಘಟಪ್ರಭಾ ಅಂದ್ರ ದೂರ ಅಂತ ತಿಳಿಬ್ಯಾಡ್ರಿ. ಆ ಊರಿನ ಮಗ್ಗಲಿನ ಹೊಳಿ ಗೋಕಾಕ ಇಳದು, ಮುಧೋಳ ದಾಟಿ, ನಮ್ಮ ಅನಗವಾಡಿ ಪೂಲಿನ ಕೆಳಗ ಬರತೈತಿ. ನಾವು ಅರಬಿ ಒಗದ ನೀರದು. ಮುತ್ತು ಕಟ್ಟೂದೂ ಅಲ್ಲಿಷ್ಟ ಇದ್ದದ್ದಲ್ಲ, ಈ ಹೊಳಿ ದಂಡಿಗುಂಟ ಮುಧೋಳ, ಜಮಖಂಡಿ, ಬೀಳಗಿ ತನಕಾ ಇದ್ದದ್ದು. 1934ರಾಗ ಮುಂಬಯಿ ಸರಕಾರ ಒಂದ ಕಾನೂನ ಮಾಡಿತ್ತು. ಆವಾಗ ವಿಜಾಪುರ ಜಿಲ್ಲೆ ಮುಂಬಯಿಯೊಳಗಿತ್ತು; ಮುಧೋಳ, ಜಮಖಂಡಿ ಸಂಸ್ಥಾನ. 1982ರಾಗ ಕರ್ನಾಟಕದ್ದ ಕಾನೂನ ಬಂತು. ಹೆತ್ತವ್ರೊ ಬಳಗದವ್ರೊ ಮುತ್ತು ಕಟ್ಟಿಸಿದ್ರ ಎರಡರಿಂದ ಐದ ವರ್ಷ ಜೈಲು. ಅಷ್ಟಾದ್ರೂ ಸರಕಾರದ ಎರಡ ಸಮೀಕ್ಷೆ, 1993-94ರದು ಮತ್ತ 2007-08ರದು, ಕೂಡಿಸಿದ್ರ ಸಿಕ್ಕ ಹೆಣ್ಣಮಕ್ಕಳ 46,660. ಎಲ್ಲಾ ಕೂಡಿದ್ರ ಒಂದ ಸಣ್ಣ ಪಟ್ಟಣ ಆಗತೈತಿ.

ಇಷ್ಟ ಮಂದಿ ಹೆಣ್ಣಮಕ್ಕಳ ಮಕ್ಕಳಿಗೆ ಅಪ್ಪ ಯಾರಿದ್ರು? ಆಕಾಶದಿಂದ ಉದುರಿದ್ರೇನು?

ಸಿಟ್ಟಿಗೇಳಬ್ಯಾಡ್ರಿ. ಮುತ್ತು ಕಟ್ಟಿಸಿಕೊಂಡಾವ್ರು ಬಹುತೇಕ ಹೊಲಗೇರಿ, ಮಾದಿಗರ ಓಣಿ ಹುಡುಗ್ಯಾರು. ಅವ್ರ ಮನಿಗೆ ರಾತ್ರಿ ಹೋದಾವ್ರು ಹೊಲಾ ಇದ್ದಾವ್ರು, ರೊಕ್ಕ ಇದ್ದಾವ್ರು, ವಾಡೆ ಇದ್ದಾವ್ರು. ನಮ್ಮಂಥಾ ಮನಿ ಗಂಡಸರು. 1982ರ ಕಾನೂನಿನ್ಯಾಗ ಕಟ್ಟಿಸಿದಾವ್ರಿಗೆ ಶಿಕ್ಷಾ ಇತ್ತು, ಬಾಗಲಾ ಬಡದ ಒಳಗ ಹೋದಾವ್ಗ ಇರಲಿಲ್ಲ. ನಮ್ಮ ಆಯಿಗೋಳಿಗೆ ಗೊತ್ತಿತ್ತು. ಗಂಡ ಎಲ್ಲಿಗೆ ಹೋಗ್ಯಾನಂತ ಗೊತ್ತಿದ್ದ ದೀಪಾ ಸಣ್ಣ ಮಾಡಿ ಮಲಗ್ತಿದ್ರು. ಅವ್ರಿಗೂ ಬ್ಯಾರೆ ದಾರಿ ಇರಲಿಲ್ಲ, ಅದೂ ಖರೆ. ನಮಗ ಐತೆಲ್ಲಾ?

ಅಪ್ಪನ ಹೆಸರೇನ ಅಂತ ಆ ಹುಡುಗೀನ್ನ ಕೇಳಿದ್ರಿ. ಆ ಉತ್ತರಾ ಆಕಿ ಮನ್ಯಾಗಿಲ್ಲ, ನಮ್ಮಂಥಾವ್ರ ಮನ್ಯಾಗೈತಿ. ಹೆಸರ ಕೊಡದಾವ ನಾಚಿಕಿ ಪಡಬೇಕೊ, ಹೆಸರಿಲ್ಲದ ಓದಿ ನೌಕರಿ ಹಿಡದಾಕಿ ನಾಚಿಕಿ ಪಡಬೇಕೊ? ಕಳ್ಳನ್ನ ಬಿಟ್ಟ, ಕಳಕೊಂಡಾಕೀಗೆ "ನಿನ್ನ ಗಂಟೆಲ್ಲೈತಿ?" ಅಂತ ದಬಾಯಿಸಿದಂಗಾತು ಇದು.

ಇನ್ನೊಂದ ಖರೆ ಮಾತ ಹೇಳ್ತೀನಿ. ಆ ದಿನ ನಿಮ್ಮ ಮನಸಿನ್ಯಾಗ ಇದ್ದದ್ದು ಬರೇ ಅಪ್ಪನ ಹೆಸರಲ್ಲ, ಜಾತಿ. ಸಂಘದಾಗ ಕುಂತ ಸೀತವ್ವಗ ಚಪ್ಪಾಳಿ ಹೊಡದಾವ್ರಿಗೆ ಜಾತಿ ಅಂತ ಬಾಯಿ ಬಿಟ್ಟ ಹೇಳಾಕ ನಾಚಿಕಿ ಬಂತು. ಅದಕ್ಕ ಅಪ್ಪನ ಹೆಸರ ಮುಂದ ಮಾಡಿದ್ರಿ. ಆ ನಾಚಿಕಿ ಒಳ್ಳೇದ ಬಿಡ್ರಿ, ಅದನ್ನ ಹಂಗ ಇಟ್ಕೊಳ್ರಿ, ಕೆಲಸಕ್ಕ ಬರತೈತಿ.

"ನಾಕ ಮಂದಿ ಏನಂತಾರ?" ಅಂತ ದೊಡ್ಡಕ್ಕ ಅಂದ್ಳು. ಅಕ್ಕಾ, ಆ ನಾಕ ಮಂದಿ ಯಾರಂತ ನಾ ಎಣಸಿ ನೋಡೀನಿ. ನೀ, ನಾ, ನಡುವಿನಾಕಿ, ಮತ್ತ ಮಗ್ಗಲ ಮನಿ ವೈನಿ. ನಾವ ನಾಕ ಮಂದಿ ಸುಮ್ಮನಾದ್ರ ಊರಾಗ ಅನ್ನಾವ್ರ ಯಾರೂ ಉಳ್ಯಂಗಿಲ್ಲ.

"ಮಕ್ಕಳ ಮುಂದ ಏನಾಗ್ತಾವೊ" ಅಂತನೂ ಒಬ್ರಂದ್ರಿ. ತಮಿಳನಾಡಿನ ಪುದುಕೋಟೆಯಾಗ 1886ರಾಗ ಒಂದ ಹುಡುಗಿ ಹುಟ್ಟಿತು, ಮುತ್ತುಲಕ್ಷ್ಮಿ ಅಂತ. ತಾಯಿ ದೇವದಾಸಿ ಮನೆತನದಾಕಿ. ಹುಡುಗಿ 1912ರಾಗ ಮದರಾಸಿನ್ಯಾಗ ಡಾಕ್ಟರ್ ಪರೀಕ್ಷಾ ಮುಗಿಸಿದ್ಳು. 1914ರಾಗ ಡಾಕ್ಟರ್ ಸುಂದರ ರೆಡ್ಡಿ ಅನ್ನಾವ್ರು ಆಕೀನ್ನ ಲಗ್ನ ಆದ್ರು. ನನ್ನ ಸರಿಸಮಾನ ಕಾಣಬೇಕು ಅಂತ ಆಕೀನ ಕರಾರ ಹಾಕಿದ್ಳು, ಅವ್ರು ಹೂಂ ಅಂದ್ರು. 1927ರಾಗ ಮದರಾಸ ಶಾಸನಸಭೆಗೆ ಹೋದ್ಳು, ದೇವದಾಸಿ ಬಿಡೂದನ್ನ ನಿಲ್ಲಸಾಕ ಅಲ್ಲಿ ಹೋರಾಡಿದ್ಳು, 1947ಕ್ಕ ಅಲ್ಲಿ ಕಾನೂನ ಬಂತು. ಅಡ್ಯಾರದ ಕ್ಯಾನ್ಸರ್ ಆಸ್ಪತ್ರೆ ಕಟ್ಟಿದಾಕೀನೂ ಆಕೀನ. ನೂರ ವರ್ಷದ ಹಿಂದ ಒಂದ ಮನಿಯವ್ರಿಗೆ ಆದದ್ದು, ಫೋನಿನ್ಯಾಗ ಜಗತ್ತ ನೋಡೂ ನಮಗ ಆಗಂಗಿಲ್ಲೇನು?

2025ರಾಗ ನಮ್ಮ ವಿಧಾನಮಂಡಲದಾಗ ಹೊಸಾ ಕಾನೂನ ಪಾಸಾತು. ಆ ತಾಯಂದಿರ ಮಕ್ಕಳು ಅಪ್ಪ ಯಾರಂತ ತೋರಿಸಿ ಹಕ್ಕ ಕೇಳಬಹುದು, ಅರ್ಜಿಯೊಳಗ ಅಪ್ಪನ ಹೆಸರ ಬರೀಲೇಬೇಕಂತ ಒತ್ತಾಯ ಮಾಡಂಗಿಲ್ಲ. ಸರಕಾರದ ಕಾಗದಾನ ಕೇಳೂದ ಬಿಟ್ಟೈತಿ. ನಮ್ಮ ಅಡಗಿಮನಿ ಇನ್ನೂ ಕೇಳಾಕತ್ತೈತಿ.

ಸೀತವ್ವನಂಥಾವ್ರ ಕೆಲಸಾ ಎಲ್ಲಿಗೆ ಬಂದ ನಿಂತೈತಂತ ಈಗ ತಿಳೀತೇನ್ರಿ? ಅವ್ರು ಮುತ್ತು ಹರದು, ಸಾಲಿಗೆ ಕಳಿಸಿ, ನೌಕರಿ ತನಕಾ ಹುಡುಗೀನ್ನ ತಂದ ಬಿಟ್ಟಾರ. ಅವ್ರ ಕೈಲಿ ಎಷ್ಟ ಸಾಧ್ಯ ಐತೊ ಅಷ್ಟನ್ನೂ ಮಾಡ್ಯಾರ. ಅಲ್ಲಿಂದ ಮುಂದಿನ ಕೆಲಸಾ ಸೀತವ್ವಗ ಆಗೂದಲ್ಲ. ನಮ್ಮ ಹೊಸ್ತಲದಾಗ ನಿಂತ ಹುಡುಗೀನ್ನ ಒಳಗ ಕರೀಯೂದು ನಮ್ಮ ಕೆಲಸಾ. ಅದಕ್ಕ ಪದ್ಮಶ್ರೀ ಬರಂಗಿಲ್ಲ, ಫೋಟೋನೂ ಬರಂಗಿಲ್ಲ, ಬಳಗದಾಗ ನಾಕ ದಿನ ಮಾತ ಬರತೈತಿ ಅಷ್ಟ. ಮುಂದಿನ ವರ್ಷ ಮಾರ್ಚ್ 8ಕ್ಕ ಭಾಷಣಕ್ಕ ನನ್ನ ಕರೀಬ್ಯಾಡ್ರಿ. ಈ ಮದುವಿ ಆದ್ರ ಕರೀರಿ.

ಬರೂ ಆಯಿತವಾರ ಹುಡುಗೀನ್ನೂ ಆಕಿ ಅವ್ವನ್ನೂ ನಮ್ಮ ಮನಿಗೆ ಊಟಕ್ಕ ಕರದೀನಿ. ಪಡಸಾಲ್ಯಾಗಲ್ಲ, ಒಳಗ, ನಮ್ಮ ಸಂಗಡ ಕುಂದರತಾರ. ಅರಿಶಿನ ಕುಂಕುಮ ಮೊದಲ ಆ ಅವ್ವಗ ಕೊಡ್ತೀನಿ. ದೊಡ್ಡಕ್ಕ, ನೀ ಬಾ. ಬರಂಗಿಲ್ಲಂದ್ರ ಫೋನ್ ಹಚ್ಚಿ ಯಾಕಂತ ಹೇಳು, ಆದ್ರ ಅಂದ ಬಿಡಬ್ಯಾಡ, ಪೂರಾ ಹೇಳು. ಸಜ್ಜಿರೊಟ್ಟಿ, ಎಣ್ಣಿಗಾಯಿ, ಗುರೆಳ್ಳ ಹಿಂಡಿ ಮಾಡ್ತೀನಿ. ಹನ್ನೆರಡರೊಳಗ ಬರ್ರಿ, ರೊಟ್ಟಿ ಬಡಿಯಾಕ ಒಬ್ರರ ಬೇಕು ನನಗ.