29ನೇ ದಿನದ ಮಗುವಿಗೂ ನರ್ಸ್ ಬೇಕು



ಜಿಲ್ಲಾ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಉಸಿರಾಟದ ಹೊಸ ಯಂತ್ರಗಳು ಬಂದ ಸುದ್ದಿಯನ್ನು ಕಳೆದ ವಾರ ನಿಮ್ಮ ಪತ್ರಿಕೆ ಫೋಟೊ ಸಮೇತ ಪ್ರಕಟಿಸಿದೆ. ಯಂತ್ರಗಳ ಬೆಲೆ, ಹಾಸಿಗೆಗಳ ಲೆಕ್ಕ, ಉದ್ಘಾಟನೆಗೆ ಬಂದವರ ಹೆಸರು ಎಲ್ಲವೂ ವರದಿಯಲ್ಲಿವೆ. ರಾತ್ರಿ ಪಾಳಿಯಲ್ಲಿ ಆ ಯಂತ್ರಗಳನ್ನು ನೋಡಿಕೊಳ್ಳಲು ಎಷ್ಟು ಮಂದಿ ನರ್ಸ್‌ಗಳಿದ್ದಾರೆ ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಸೇವೆಯ ಬಹುಪಾಲನ್ನು ಸರ್ಕಾರಿ ಆಸ್ಪತ್ರೆಗಳ ಮಕ್ಕಳ ವಾರ್ಡುಗಳಲ್ಲೇ ಕಳೆದು ನಿವೃತ್ತಳಾದವಳು ನಾನು. ಈ ಪ್ರಶ್ನೆಯನ್ನು ಕೇಳದೆ ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ.

ನ್ಯುಮೋನಿಯಾ ಅಥವಾ ಬ್ರಾಂಕಿಯೊಲೈಟಿಸ್ ಆದ ಕೂಸಿಗೆ ವೈದ್ಯರು ಔಷಧ ಬರೆದು ಹೋದ ಮೇಲೆ ಉಳಿಯುವುದು ಹೆಚ್ಚೂಕಡಿಮೆ ಶುಶ್ರೂಷೆಯೇ. ಮೊದಲ ಕೆಲಸ ಉಸಿರು ಎಣಿಸುವುದು. ಎರಡು ತಿಂಗಳೊಳಗಿನ ಕೂಸು ನಿಮಿಷಕ್ಕೆ 60, ಎರಡು ತಿಂಗಳಿಂದ ಒಂದು ವರ್ಷದೊಳಗಿನದು 50, ಐದು ವರ್ಷದೊಳಗಿನ ಮಗು 40 ಸಲ ಅಥವಾ ಅದಕ್ಕಿಂತ ಹೆಚ್ಚು ಉಸಿರಾಡಿದರೆ ಅಪಾಯದ ಸೂಚನೆ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ ಬರೆದರೆ ಆಗದು. ಎಳೆಯ ಮಕ್ಕಳ ಉಸಿರು ಒಂದೇ ಸಮನೆ ಇರುವುದಿಲ್ಲ. ಪೂರ್ತಿ ಒಂದು ನಿಮಿಷ, ಅದೂ ಮಗು ಅಳದೆ ಸುಮ್ಮನಿರುವಾಗ ಎಣಿಸಬೇಕು. ಅಂಗಿ ಮೇಲೆತ್ತಿ ಪಕ್ಕೆ ಒಳಕ್ಕೆ ಸೆಳೆಯುತ್ತಿದೆಯೇ, ಮೂಗಿನ ಹೊಳ್ಳೆ ಅರಳುತ್ತಿದೆಯೇ, ಉಸಿರು ಬಿಡುವಾಗ ನರಳುತ್ತಿದೆಯೇ ನೋಡಬೇಕು. ಅಷ್ಟು ಏದುಸಿರಿನಲ್ಲಿರುವ ಮಗುವಿಗೆ ಹಾಲು ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಎದೆಹಾಲು ಯಾವಾಗ ಕೊಡಬೇಕು, ಯಾವಾಗ ಹಿಂಡಿ ತೆಗೆದು ಮೂಗಿನ ನಳಿಕೆಯಲ್ಲಿ ಸ್ವಲ್ಪಸ್ವಲ್ಪವೇ ಬಿಡಬೇಕು ಎಂಬುದನ್ನು ಗಮನಿಸಿ ವೈದ್ಯರಿಗೆ ಹೇಳುವವಳೂ ನರ್ಸೇ.

ಆಕ್ಸಿಜನ್ ಹಚ್ಚಿದರೆ ಮುಗಿಯಿತು ಎಂಬ ತಿಳಿವಳಿಕೆ ಜನರಲ್ಲಿದೆ, ಆಡಳಿತದಲ್ಲೂ ಇದೆ. ಏಳು ತಿಂಗಳ ಒಂದು ಹೆಣ್ಣುಮಗು ನನಗೆ ಚೆನ್ನಾಗಿ ನೆನಪಿದೆ. ಎರಡು ಲೀಟರ್ ಆಕ್ಸಿಜನ್ ಹೋಗುತ್ತಿತ್ತು, ಆದರೂ ಆಕ್ಸಿಮೀಟರ್ 86ರ ಮೇಲೆ ಏರುತ್ತಿರಲಿಲ್ಲ. ಫ್ಲೋಮೀಟರ್ ಇನ್ನಷ್ಟು ತಿರುಗಿಸುವ ಯೋಚನೆ ನಡೆದಿತ್ತು. ನನ್ನ ಜೊತೆಗಿದ್ದ ಕಿರಿಯ ಸಿಸ್ಟರ್ ಮೂಗಿಗೆ ಆಕ್ಸಿಜನ್ ಬಿಡುವ ಪ್ರಾಂಗ್ಸ್ ಬಿಚ್ಚಿ ನೋಡಿದಳು. ಎರಡೂ ತೂತುಗಳಲ್ಲಿ ಸಿಂಬಳ ಗಟ್ಟಿಯಾಗಿ ಕೂತಿತ್ತು. ಮೂಗಿಗೆ ಸಲೈನ್ ಹನಿ ಹಾಕಿ, ಹಗುರವಾಗಿ ಸಕ್ಷನ್ ಮಾಡಿ, ಬೇರೆ ಪ್ರಾಂಗ್ಸ್ ತೊಡಿಸಿ, ಮುಂದಕ್ಕೆ ಬಾಗಿದ್ದ ತಲೆ ನೆಟ್ಟಗಾಗುವಂತೆ ಹೆಗಲಡಿಗೆ ಬಟ್ಟೆ ಮಡಿಚಿಟ್ಟಳು. ಸ್ವಲ್ಪ ಹೊತ್ತಿನಲ್ಲೇ 95 ಬಂತು. ಹೊಸ ಯಂತ್ರ ಬೇಕಾಗಲಿಲ್ಲ. ಆ ಹುಡುಗಿಗೆ ಆ ಮಗುವಿನ ಹತ್ತಿರ ನಿಂತುಕೊಳ್ಳಲು ಪುರಸೊತ್ತಿತ್ತು, ಏನು ನೋಡಬೇಕೆಂಬುದು ಗೊತ್ತಿತ್ತು. ಈ ಎರಡೂ ಎಲ್ಲ ಪಾಳಿಯಲ್ಲೂ ಇರಬೇಕು ಎಂಬುದಷ್ಟೇ ನನ್ನ ವಾದ.

ಇದು ಆಗದ ಮಾತೇನೂ ಅಲ್ಲ. ಅದೇ ಆಸ್ಪತ್ರೆಯ ಇನ್ನೊಂದು ಕೋಣೆಯಲ್ಲಿ ಈ ವ್ಯವಸ್ಥೆ ಆಗಲೇ ಇದೆ. ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ, ಅಂದರೆ ನಾವು ಎಸ್‌ಎನ್‌ಸಿಯು ಎನ್ನುವ ಕಡೆ, ಪ್ರತ್ಯೇಕ ನರ್ಸ್‌ಗಳಿರುತ್ತಾರೆ. ಅವರಿಗೆ ನಾಲ್ಕು ದಿನ ಪಾಠ, ಎರಡು ವಾರ ದೊಡ್ಡ ಕೇಂದ್ರವೊಂದರಲ್ಲಿ ಪ್ರತ್ಯಕ್ಷ ತರಬೇತಿ ಕೊಡುವ ಕ್ರಮವಿದೆ. ಹೀಗೆ ತರಬೇತಿ ಪಡೆದವರನ್ನು ಬೇರೆ ವಾರ್ಡಿಗೆ ಎತ್ತಂಗಡಿ ಮಾಡಕೂಡದು ಎಂದು ಮಾರ್ಗಸೂಚಿಯೇ ಹೇಳುತ್ತದೆ. ಆದರೆ ಆ ಘಟಕ ಹುಟ್ಟಿದ 28 ದಿನಗಳವರೆಗಿನ ಶಿಶುಗಳಿಗೆ ಮಾತ್ರ. 29ನೇ ದಿನ ಉಸಿರು ಕಟ್ಟಿ ಬಂದ ಕೂಸು ಸಾಮಾನ್ಯ ಮಕ್ಕಳ ವಾರ್ಡಿಗೆ ಹೋಗುತ್ತದೆ. ಅಲ್ಲಿ ಭೇದಿ, ಜ್ವರ, ಫಿಟ್ಸ್, ಹಾವು ಕಚ್ಚಿದ ಮಕ್ಕಳ ನಡುವೆ ಅದಕ್ಕೂ ಒಂದು ಹಾಸಿಗೆ ಸಿಗುತ್ತದೆ. ಇವರೆಲ್ಲರಿಗೂ ಸೇರಿ ಇರುವ ಸಿಸ್ಟರ್ ಹಿಂದಿನ ತಿಂಗಳು ಹೆರಿಗೆ ವಾರ್ಡಿನಲ್ಲೋ ಆಪರೇಷನ್ ಥಿಯೇಟರಿನಲ್ಲೋ ಇದ್ದವಳಾಗಿರಬಹುದು. ಒಂದು ದಿನದ ಅಂತರದಲ್ಲಿ ಮಗುವಿನ ಶ್ವಾಸಕೋಶವೇನೂ ಬಲಿತಿರುವುದಿಲ್ಲ. ಹಾಗಿರುವಾಗ ಆರೈಕೆಯ ಮಟ್ಟ ಒಂದೇ ಸಲಕ್ಕೆ ಏಕೆ ಇಳಿಯಬೇಕು?

ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬರು, ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು ನರ್ಸ್ ಇರಬೇಕು. ಮಳೆಗಾಲ ಹಿಡಿದುಕೊಂಡಾಗಲೂ ಚಳಿಗಾಲದಲ್ಲೂ ಒಂದೊಂದು ಹಾಸಿಗೆಯಲ್ಲಿ ಎರಡೆರಡು ಮಕ್ಕಳನ್ನು ಮಲಗಿಸಿ ನಾವು ದುಡಿದಿದ್ದೇವೆ. ರಾತ್ರಿ ಇಡೀ ವಾರ್ಡಿಗೆ ಒಬ್ಬಳೇ ಸಿಸ್ಟರ್ ಇರುವುದನ್ನು ಯಾರೂ ವಿಶೇಷವೆಂದು ಬಗೆಯುತ್ತಿರಲಿಲ್ಲ. 25 ಮಕ್ಕಳಿದ್ದರೆ ಗಂಟೆಗೊಮ್ಮೆ ಎಲ್ಲರ ಉಸಿರು ಎಣಿಸುವುದಕ್ಕೇ 25 ನಿಮಿಷ ಬೇಕು. ಇಂಜೆಕ್ಷನ್, ನೆಬುಲೈಸೇಷನ್, ಡ್ರಿಪ್, ಹೊಸ ದಾಖಲಾತಿ, ಕೇಸ್ ಶೀಟ್ ಇವೆಲ್ಲ ಅದರ ಮೇಲೆ. ಅಷ್ಟರಲ್ಲಿ ತಾಯಿಯೊಬ್ಬಳು ಓಡಿ ಬಂದು, "ಸಿಸ್ಟರ್, ಪಕ್ಕೆ ಹಾರ್ತಿದೆ, ಸ್ವಲ್ಪ ಬಂದು ನೋಡಿ" ಎನ್ನುತ್ತಾಳೆ. ಎಣಿಸದ ಉಸಿರಿನ ಜಾಗದಲ್ಲೂ ಕೇಸ್ ಶೀಟಿನಲ್ಲಿ ಒಂದು ಅಂಕಿ ಬೀಳತೊಡಗುವುದು ಇಂಥ ರಾತ್ರಿಗಳಲ್ಲೇ. ಇದಕ್ಕೆ ಆ ನರ್ಸ್ ಒಬ್ಬಳನ್ನೇ ಹೊಣೆ ಮಾಡುವುದು ಅನ್ಯಾಯ.

ಯಂತ್ರ ಬಂದರೆ ಈ ಕೊರತೆ ತುಂಬುತ್ತದೆ ಎನ್ನುವವರು ಎರಡು ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಬಾಂಗ್ಲಾದೇಶದ ಢಾಕಾದಲ್ಲಿ ಡಾ. ಮೊಹಮ್ಮದ್ ಜೊಬಾಯೆರ್ ಚಿಸ್ತಿ ಅವರ ತಂಡ ಬಬಲ್ ಸಿ-ಪ್ಯಾಪ್ ಎಂಬ ಸರಳ ಉಪಕರಣವನ್ನು ಖಾಲಿ ಶಾಂಪೂ ಬಾಟಲಿ ಬಳಸಿ ತಯಾರಿಸಿತು. ಮಗು ಬಿಡುವ ಉಸಿರು ನಳಿಕೆಯ ಮೂಲಕ ನೀರಿನೊಳಗೆ ಗುಳ್ಳೆಯಾಗಿ ಹೊರಡುತ್ತದೆ. ಆ ಒತ್ತಡ ಶ್ವಾಸಕೋಶದ ಗಾಳಿಚೀಲಗಳು ಮುಚ್ಚಿಕೊಳ್ಳದಂತೆ ತಡೆಯುತ್ತದೆ. 2015ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಅವರ ಅಧ್ಯಯನದಲ್ಲಿ, ಸಾಮಾನ್ಯ ರೀತಿಯಲ್ಲಿ ಆಕ್ಸಿಜನ್ ಪಡೆದ ಮಕ್ಕಳಲ್ಲಿ ಶೇ 15ರಷ್ಟು ಸತ್ತರೆ, ಬಬಲ್ ಸಿ-ಪ್ಯಾಪ್ ಪಡೆದವರಲ್ಲಿ ಶೇ 4ರಷ್ಟು. ಅದೇ ವಿಧಾನವನ್ನು ಆಫ್ರಿಕಾದ ಮಲಾವಿಯ ಒಂದು ಜಿಲ್ಲಾ ಆಸ್ಪತ್ರೆಯಲ್ಲಿ, ವೈದ್ಯರ ದೈನಂದಿನ ಮೇಲ್ವಿಚಾರಣೆಯಿಲ್ಲದ ಸಾಮಾನ್ಯ ವಾರ್ಡಿನಲ್ಲಿ ಪರೀಕ್ಷಿಸಿದಾಗ ಫಲಿತಾಂಶ ತಿರುಗಿತು. 2019ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ ಸಿ-ಪ್ಯಾಪ್ ಪಡೆದವರಲ್ಲಿ ಸಾವು ಶೇ 17, ಸಾಮಾನ್ಯ ಆಕ್ಸಿಜನ್ ಪಡೆದವರಲ್ಲಿ ಶೇ 11. ಎರಡೂ ಕಡೆಯ ಮಕ್ಕಳ ಸ್ಥಿತಿ ಒಂದೇ ಬಗೆಯದಾಗಿರಲಿಲ್ಲ, ನಿಜ. ಆದರೂ ಯಂತ್ರ ತಾನಾಗಿಯೇ ಮಗುವನ್ನು ಉಳಿಸುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇಕೆ? ಗುಳ್ಳೆ ಏಳುವುದು ನಿಂತರೆ ನಳಿಕೆ ಎಲ್ಲೋ ಕಳಚಿದೆ ಅಥವಾ ಮಗುವಿನ ಬಾಯಿಂದ ಗಾಳಿ ಸೋರುತ್ತಿದೆ ಎಂದು ಅರ್ಥ. ಹೊಟ್ಟೆ ಉಬ್ಬಿದರೆ ಗಾಳಿ ಹೊರತೆಗೆಯಬೇಕು. ಮೂಗಿನ ಚರ್ಮ ಕೆಂಪಾದರೆ ಹುಣ್ಣಾಗುವ ಮೊದಲೇ ಪಟ್ಟಿ ಸಡಿಲಿಸಬೇಕು. ಇದೆಲ್ಲ ಹತ್ತಿರ ಇರುವವರ ಕಣ್ಣಿಗೆ ಮಾತ್ರ ಬೀಳುವಂಥದು.

ಕೋವಿಡ್ ಎರಡನೇ ಅಲೆಯಲ್ಲಿ, 2021ರ ಮೇ ತಿಂಗಳಲ್ಲಿ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊರತೆಯಾಗಿ 24 ಮಂದಿ ಒಂದೇ ದಿನದೊಳಗೆ ಸತ್ತ ಮೇಲೆ ರಾಜ್ಯ ಪಾಠ ಕಲಿತದ್ದುಂಟು. ಆಕ್ಸಿಜನ್ ಘಟಕಗಳು, ಪೈಪ್‌ಲೈನ್‌ಗಳು ಬಂದವು. ಮೂರನೇ ಅಲೆ ಮಕ್ಕಳಿಗೆ ಬರುತ್ತದೆಂಬ ಭಯದಲ್ಲಿ ಮಕ್ಕಳ ಐಸಿಯು ಹಾಸಿಗೆಗಳೂ ಹೆಚ್ಚಿದವು. ಇವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಸಿಲಿಂಡರ್ ಯಾವಾಗ ಖಾಲಿಯಾಗುತ್ತದೋ ಎಂದು ಜೀವ ಕೈಯಲ್ಲಿ ಹಿಡಿದು ಕೆಲಸ ಮಾಡಿದವರಿಗೆ ಆ ಪೈಪಿನ ಬೆಲೆ ಗೊತ್ತು. ಆದರೆ ಹಾಸಿಗೆ ಕಾಯಂ ಆಯಿತು, ಅದನ್ನು ನೋಡಿಕೊಳ್ಳುವವಳು ಗುತ್ತಿಗೆಯವಳಾಗಿಯೇ ಉಳಿದಳು. ಅವಧಿ ಮುಗಿದಾಗ ಅವಳು ಹೋಗುತ್ತಾಳೆ. ಅವಳು ಕಲಿತದ್ದೂ ಅವಳೊಂದಿಗೇ ಹೋಗುತ್ತದೆ.

ತಾಯಂದಿರು ಇರುತ್ತಾರಲ್ಲ ಎನ್ನುವ ಅಧಿಕಾರಿಗಳೂ ಇದ್ದಾರೆ. ತಾಯಿ ಖಂಡಿತ ಇರಬೇಕು, ಅವಳಷ್ಟು ಎಚ್ಚರವಾಗಿರುವವರು ಇನ್ನೊಬ್ಬರಿಲ್ಲ. ಆದರೆ ಅವಳಿಗೆ ಹೇಳಿಕೊಡುವವರು ಯಾರು? ಶೀತವಾದ ಕೂಸಿನ ಮೂಗಿಗೆ ಎಣ್ಣೆ ಬಿಡುವುದು, ಸ್ನಾನದ ನಂತರ ಸಾಂಬ್ರಾಣಿ ಹೊಗೆ ಹಿಡಿಯುವುದು, ಪಕ್ಕೆ ಸೆಳೆತಕ್ಕೆ ಬರೆ ಹಾಕಿಸುವುದು ಇವತ್ತಿಗೂ ನಿಂತಿಲ್ಲ. ಬೈದರೆ ಮುಚ್ಚಿಡುತ್ತಾರೆ. ಪಕ್ಕದಲ್ಲಿ ಕೂತು, ಮಗುವಿನ ಎದೆಯನ್ನೇ ತೋರಿಸಿ, ಹೀಗೆ ಸೆಳೆದರೆ ಆ ಕ್ಷಣವೇ ಆಸ್ಪತ್ರೆಗೆ ಬಾ ಎಂದು ಹೇಳಿದರೆ ಕೇಳುತ್ತಾರೆ. ಹೀಗೆ ಕೂತು ಮಾತಾಡುವ ಕಾಲು ಗಂಟೆ ಈಗ ಯಾವ ನರ್ಸಿಗೂ ಇಲ್ಲ.

ಮಕ್ಕಳ ನ್ಯುಮೋನಿಯಾ ಸಾವು ತಗ್ಗಿಸಲೆಂದೇ ಕೇಂದ್ರ ಸರ್ಕಾರ 2019ರ ನವೆಂಬರ್‌ನಲ್ಲಿ 'ಸಾಂಸ್' ಅಭಿಯಾನ ಶುರು ಮಾಡಿತು. ಸಾವಿರ ಜೀವಂತ ಜನನಕ್ಕೆ ಇಂಥ ಸಾವು ಮೂರಕ್ಕಿಂತ ಕಡಿಮೆಯಾಗಬೇಕೆಂಬ ಗುರಿಗೆ 2025ರ ಗಡುವಿತ್ತು. ನ್ಯುಮೋಕಾಕಲ್ ಲಸಿಕೆ 2021ರಿಂದ ದೇಶದೆಲ್ಲೆಡೆ ಉಚಿತವಾಗಿ ಸಿಗುತ್ತಿದೆ. ಆಶಾ ಕಾರ್ಯಕರ್ತೆಯರು ಮನೆಮನೆಯಲ್ಲಿ ಉಸಿರು ಎಣಿಸಿ ಮಕ್ಕಳನ್ನು ಆಸ್ಪತ್ರೆಗೆ ಕಳಿಸುತ್ತಾರೆ. ಹಾಗೆ ಬಂದ ಮಗುವಿನ ಉಸಿರನ್ನು ಆಸ್ಪತ್ರೆಯೊಳಗೆ ಎಣಿಸಲು ಜನ ಇಲ್ಲವೆಂದರೆ ಆ ಶ್ರಮವೆಲ್ಲ ವಾರ್ಡಿನ ಬಾಗಿಲಲ್ಲೇ ನಿಲ್ಲುತ್ತದೆ.

ಹಾಗಾಗಿ ಸರ್ಕಾರದಲ್ಲಿ ನನ್ನ ಬೇಡಿಕೆ ಇದು: ಎಸ್‌ಎನ್‌ಸಿಯು ನರ್ಸ್‌ಗಳಿಗಿರುವ ಪ್ರತ್ಯೇಕ ಹುದ್ದೆ, ತರಬೇತಿ ಮತ್ತು ವರ್ಗಾವಣೆಯಿಂದ ರಕ್ಷಣೆಯನ್ನು ಮಕ್ಕಳ ವಾರ್ಡಿನ ಆಕ್ಸಿಜನ್ ಹಾಸಿಗೆಗಳಿಗೂ ವಿಸ್ತರಿಸಿ. ರಾತ್ರಿ ಪಾಳಿಗೆ ಕನಿಷ್ಠ ಇಬ್ಬರನ್ನು ಹಾಕಿ. ಶಿಬಿರಕ್ಕೋ ಗಣ್ಯರ ಭೇಟಿಗೋ ಅವರನ್ನು ಎಳೆಯಬೇಡಿ. ಆ ಹೊತ್ತಿನಲ್ಲಿ ಮಕ್ಕಳೆಷ್ಟು, ನರ್ಸ್‌ಗಳೆಷ್ಟು ಎಂಬುದನ್ನು ವಾರ್ಡಿನ ಬಾಗಿಲಲ್ಲೇ ಬರೆದು ಹಾಕಿ. ನಮ್ಮಲ್ಲಿ ಹಲವು ಜಿಲ್ಲಾ ಆಸ್ಪತ್ರೆಗಳು ಈಗ ಮೆಡಿಕಲ್ ಕಾಲೇಜುಗಳ ಜೊತೆ ಸೇರಿರುವುದರಿಂದ ಆರೋಗ್ಯ ಇಲಾಖೆ ವೈದ್ಯಕೀಯ ಶಿಕ್ಷಣ ಇಲಾಖೆಯತ್ತ, ಅದು ಇದರತ್ತ ಕೈ ತೋರಿಸುತ್ತಾ ಕೂರುವುದು ನಡೆದೇ ಇದೆ. ಇಬ್ಬರೂ ಸಚಿವರು ಸೇರಿ ಒಂದೇ ಆದೇಶ ಹೊರಡಿಸಲಿ, ಅದೂ ಈ ಸಲದ ಸಾಂಸ್ ಅಭಿಯಾನ ಆರಂಭವಾಗುವ ನವೆಂಬರ್ 12ರ ಒಳಗೆ.

ಇತಿ,
ನಿವೃತ್ತ ಶುಶ್ರೂಷಾಧಿಕಾರಿ
ಶಿವಮೊಗ್ಗ ಜಿಲ್ಲೆ