ಲಾಕಪ್ಪಿನೊಳಗೆ ಗುಂಡು, ಹೊರಗೆ ಶಿಳ್ಳೆ

ಟೀವಿಯಲ್ಲಿ ಮತ್ತೆ ‘ಸಿಂಘಂ’ ಹಾಕಿದ್ದರು. 2011ರ ಜುಲೈಯಲ್ಲಿ ಬಂದ ಪಿಕ್ಚರು. ಮುಂಬಯಿಯ ನಮ್ಮ ಮನೆಗಳಲ್ಲಿ ಇಷ್ಟು ವರ್ಷದಲ್ಲಿ ಎಷ್ಟು ಸಲ ಓಡಿದೆಯೋ ಲೆಕ್ಕವಿಲ್ಲ. ರೋಹಿತ್ ಶೆಟ್ಟಿ ನಿರ್ದೇಶನ, ಅಜಯ್ ದೇವಗನ್ ಇನ್ಸ್‌ಪೆಕ್ಟರ್, ಎದುರಿಗೆ ನಮ್ಮ ಪ್ರಕಾಶ್ ರೈ. ರೈ ಇಲ್ಲದಿದ್ದರೆ ಚಿತ್ರದಲ್ಲಿ ಜೀವವೇ ಇರುತ್ತಿರಲಿಲ್ಲ. ಕಾರುಗಳು ಹಾರುತ್ತವೆ, ಹಾರಲಿ ಬಿಡಿ. ನನ್ನ ತಕರಾರು ಕ್ಲೈಮ್ಯಾಕ್ಸಿನದು.

ಅಲ್ಲಿ ಜಯಕಾಂತ್ ಶಿಕ್ರೆಯನ್ನು ಹಿಡಿದು ಠಾಣೆಗೆ ತರುತ್ತಾರೆ. ಆಸಾಮಿ ಕೈಗೆ ಸಿಕ್ಕಿಯಾಗಿದೆ, ಸುತ್ತ ಖಾಕಿ ಪಡೆಯೇ ನಿಂತಿದೆ. ಇನ್ನು ಉಳಿದದ್ದು ಕೋರ್ಟು. ಆದರೆ ಠಾಣೆಯೊಳಗೇ ಗುಂಡು ಹೊಡೆದು ಮುಗಿಸುತ್ತಾರೆ. ಆಮೇಲೆ ಅವನ ಕಡೆಯವನನ್ನು ಹೆದರಿಸಿ ಬೇಕಾದ ಹೇಳಿಕೆ ತೆಗೆದುಕೊಳ್ಳುತ್ತಾರೆ. ಸಾಕ್ಷಿಯನ್ನು ಹೆದರಿಸುವುದು ಅಲ್ಲಿಯವರೆಗೆ ಶಿಕ್ರೆಯ ಕಸುಬಾಗಿತ್ತಲ್ಲ ಮಾರಾಯ್ರೆ!

ಆ ವರ್ಷ ಚಿತ್ರದ ಒಂದು ಮಾತು ಕನ್ನಡಿಗರಿಗೆ ಅವಮಾನ ಅಂತ ಕರ್ನಾಟಕದಲ್ಲಿ ಪ್ರತಿಭಟನೆ ಆಯ್ತು. ಆ ಮಾತನ್ನು ಕತ್ತರಿಸಿದರು, ಒಳ್ಳೆಯದೇ ಆಯ್ತು. ಬೆಲ್ಟು ಬಿಚ್ಚಿ ಹೊಡೆಯುವುದಕ್ಕೆ, ಕಸ್ಟಡಿಯಲ್ಲಿ ಕೊಲ್ಲುವುದಕ್ಕೆ ಮಾತ್ರ ಯಾರಿಗೂ ಸಿಟ್ಟು ಬರಲಿಲ್ಲ. ನಮ್ಮವರೂ ಶಿಳ್ಳೆ ಹೊಡೆದರು.

ಇದರ ಮೂಲ 2010ರ ತಮಿಳು ‘ಸಿಂಗಂ’. ಅದರ ಸಬ್ ಇನ್ಸ್‌ಪೆಕ್ಟರ್ ದೊರೈಸಿಂಗಂ ತೂತ್ತುಕುಡಿ ಕಡೆಯ ಸಣ್ಣ ಊರಿನವನು. ಅದೇ ತೂತ್ತುಕುಡಿ ಜಿಲ್ಲೆಯ ಸಾತ್ತಾನ್‌ಕುಳಂ ಠಾಣೆಯಲ್ಲಿ 2020ರ ಜೂನ್‌ನಲ್ಲಿ ಏನಾಯ್ತು ನೆನಪಿದೆಯಾ? ಲಾಕ್‌ಡೌನ್ ಹೊತ್ತು ಮೀರಿ ಮೊಬೈಲ್ ಅಂಗಡಿ ತೆರೆದಿಟ್ಟರು ಎಂಬ ಆರೋಪಕ್ಕೆ ತಂದೆ-ಮಗನನ್ನು ಒಳಗೆ ಹಾಕಿದರು. ರಾತ್ರಿಯಿಡೀ ಹೊಡೆತ. ಕೆಲವೇ ದಿನಗಳಲ್ಲಿ ಇಬ್ಬರೂ ಸತ್ತರು. ಅಲ್ಲಿನ ಪೊಲೀಸರ ಮೇಲೆ ಸಿಬಿಐ ಕೊಲೆ ಆರೋಪ ಹೊರಿಸಿತು. ‘ಸಿಂಗಂ’ ಮಾಡಿದ ನಿರ್ದೇಶಕ ಹರಿ, ಪೊಲೀಸರನ್ನು ವೈಭವೀಕರಿಸಿ ಐದು ಚಿತ್ರ ಮಾಡಿದ್ದಕ್ಕೆ ಪಶ್ಚಾತ್ತಾಪವಾಗುತ್ತಿದೆ ಎಂದು ಆಗ ಬಹಿರಂಗವಾಗಿ ಹೇಳಿದರು. ಇಲ್ಲಿ ಹಿಂದಿಯಲ್ಲಿ? 2024ರಲ್ಲಿ ‘ಸಿಂಘಂ ಅಗೇನ್’ ಬಂತು.

“ಕೋರ್ಟಿಗೆ ಹೋದರೆ ಇಪ್ಪತ್ತು ವರ್ಷ ಎಳೀತದೆ, ನಿಮಗೇನು ಗೊತ್ತು” ಅನ್ನುವವರಿದ್ದಾರೆ. ಎಳೆಯುತ್ತದೆ, ನಿಜ. ಹಾಗಾದರೆ ಜಡ್ಜುಗಳನ್ನು ಹೆಚ್ಚಿಸಿ ಎಂದು ಗಲಾಟೆ ಮಾಡೋಣ. ಬಾಂಬೆ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದ ಗೌತಮ್ ಪಟೇಲ್ 2023ರಲ್ಲಿ ಇದೇ ‘ಸಿಂಘಂ’ ಕ್ಲೈಮ್ಯಾಕ್ಸನ್ನು ಹೆಸರಿಸಿ, ಇಂಥ ಚಿತ್ರ ಕೊಡುವ ಸಂದೇಶ ಅಪಾಯಕಾರಿ ಎಂದಿದ್ದರು. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂಬುದು ಸಂವಿಧಾನದ 22ನೇ ವಿಧಿ. ಶಿಕ್ರೆಯಂಥವರಿಗೆ ದೊಡ್ಡ ವಕೀಲರಿರುತ್ತಾರೆ ಸ್ವಾಮಿ. ಈ ವಿಧಿ ಬೇಕಾಗುವುದು ಊರಿಂದ ಬಂದ ಹೋಟೆಲ್ ಹುಡುಗನಿಗೆ. ಅವನಿಗೆ ಮರಾಠಿ ಬಾರದು, ಹಿಂದಿ ಅರೆಬರೆ, ಜಾಮೀನಿಗೆ ನಿಲ್ಲುವವರಿಲ್ಲ. ಗಲ್ಲಾಪೆಟ್ಟಿಗೆಯಲ್ಲಿ ದುಡ್ಡು ಕಮ್ಮಿಯಾದರೆ ಮೊದಲು ಹಿಡಿಯುವುದು ಯಾರನ್ನು ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಠಾಣೆಯ ಚಿತ್ರವೇ ಬೇಕಿದ್ದರೆ ವೆಟ್ರಿಮಾರನ್ ಅವರ ‘ವಿಸಾರಣೈ’ ನೋಡಿ. ಗುಂಟೂರಿನಲ್ಲಿ ಕೂಲಿ ಮಾಡುವ ತಮಿಳು ಹುಡುಗರು, ತೆಲುಗು ನೆಟ್ಟಗೆ ಬಾರದವರು. ಮಾಡದ ಕಳ್ಳತನ ಒಪ್ಪಿಕೊಳ್ಳಿ ಅಂತ ಅವರಿಗೆ ಏಟು ಬೀಳುತ್ತದೆ. ಆಟೋ ಓಡಿಸುವ ಎಂ. ಚಂದ್ರಕುಮಾರ್ ತಾವು ಅನುಭವಿಸಿದ್ದನ್ನೇ ಬರೆದ ‘ಲಾಕಪ್’ ಇದಕ್ಕೆ ಆಧಾರ. ಅಲ್ಲಿಯೂ ಹೊಡೆತವಿದೆ, ‘ಸಿಂಘಂ’ಗಿಂತ ಜಾಸ್ತಿಯೇ ಇದೆ. ಒಂದು ಏಟಿಗೂ ಶಿಳ್ಳೆ ಹೊಡೆಯುವ ಮನಸ್ಸಾಗುವುದಿಲ್ಲ.