ಇಳಿದದ್ದೆಲ್ಲ ಕುಸಿತವಲ್ಲ

ಕಾಶಿಯ ಗೋದೌಲಿಯಾದಿಂದ ಅಸ್ಸಿಯ ಕಡೆ ಹೊರಟರೆ ನಡುವೆ ಸಿಗುವ ಬಡಾವಣೆ ಸೋನಾರ್‌ಪುರ. ಅಲ್ಲಿಂದ ಗಲ್ಲಿಗಳು ಗಂಗೆಯತ್ತ ಇಳಿಯುತ್ತವೆ. ಕೇದಾರ ಘಾಟ್, ಹರಿಶ್ಚಂದ್ರ ಘಾಟ್, ಹಿಂದೆ ಮೈಸೂರು ಘಾಟ್ ಎನಿಸಿಕೊಂಡಿದ್ದ ಕರ್ನಾಟಕ ಘಾಟ್ ಎಲ್ಲವೂ ಹತ್ತಿರದಲ್ಲೇ ಇವೆ. ಮಳೆಗಾಲದಲ್ಲಿ ನದಿ ಉಕ್ಕಿ ಮೆಟ್ಟಿಲುಗಳು ಮುಳುಗಿದಾಗ ಹರಿಶ್ಚಂದ್ರ ಘಾಟಿನ ಚಿತೆಗಳೂ ಮೇಲಿನ ಗಲ್ಲಿಗೆ ಬರುತ್ತವೆ. ಆಗ ಊರು ಕಾಯುವುದು ಒಂದೇ ಸುದ್ದಿಗೆ: ನೀರು ಇಳಿಯಿತು.

ಇದೇ ಸುದ್ದಿ ಇಂಗ್ಲಿಷಿನಲ್ಲಿ ಬಂದರೆ ಅದರಲ್ಲಿ ‘ಫಾಲ್’ ಎಂಬ ಪದ ಇರಬಹುದು. ಕನ್ನಡದ ಸುದ್ದಿಮನೆಯಲ್ಲಿ ಅದು ‘ಗಂಗೆಯ ನೀರಿನ ಮಟ್ಟ ಕುಸಿತ’ ಎಂದಾಗುವುದು ಸುಲಭ. ಸಮಾಧಾನದ ಸುದ್ದಿ ಆತಂಕದ ದನಿ ಪಡೆಯುತ್ತದೆ.

ಇಂಗ್ಲಿಷಿನಲ್ಲಿ ಮಳೆ, ಬೆಲೆ, ಸರ್ಕಾರ, ರೋಮ್ ಸಾಮ್ರಾಜ್ಯ ಎಲ್ಲಕ್ಕೂ ‘ಫಾಲ್’ ಸಾಕು. ನಿದ್ದೆಗೂ ಪ್ರೀತಿಗೂ ಅದೇ. ಅಮೆರಿಕದಲ್ಲಿ ಎಲೆ ಉದುರುವ ಋತುವಿಗೂ ಅದೇ ಹೆಸರು. ಇದು ಆ ಭಾಷೆಯ ದೋಷವಲ್ಲ. ಕನ್ನಡದ ‘ಬೀಳು’ ಕೂಡ ಕಡಿಮೆ ದುಡಿಯುವುದಿಲ್ಲ: ಕನಸು ಬೀಳುತ್ತದೆ, ಮನೆ ಪಾಳು ಬೀಳುತ್ತದೆ, ಉಳದೆ ಬಿಟ್ಟ ಹೊಲ ಬೀಳುಭೂಮಿಯಾಗುತ್ತದೆ, ಹಿರಿಯರ ಕಾಲಿಗೆ ಬೀಳುವುದು ಮರ್ಯಾದೆಯಾಗುತ್ತದೆ.

ಆದರೆ ‘ಫಾಲ್’ ಒಂದೇ ಹೊರುವ ಕೆಲಸವನ್ನು ಕನ್ನಡ ಹಲವು ಪದಗಳಿಗೆ ಹಂಚಿದೆ. ಎಲೆ ಉದುರುತ್ತದೆ, ಮಳೆ ಸುರಿಯುತ್ತದೆ, ಸರ್ಕಾರ ಉರುಳುತ್ತದೆ, ಮಗು ನಿದ್ದೆಗೆ ಜಾರುತ್ತದೆ, ಗೋಡೆ ಕುಸಿಯುತ್ತದೆ, ಜ್ವರ ಇಳಿಯುತ್ತದೆ. ಜ್ವರ ಕುಸಿಯಿತು ಎಂದು ಯಾವ ತಾಯಿಯೂ ಹೇಳುವುದಿಲ್ಲ. ಕುಸಿಯುವುದೆಂದರೆ ಆಧಾರ ತಪ್ಪುವುದು. ಇಳಿಯುವುದರಲ್ಲಿ ಹಿಡಿತವಿದೆ. ಬಸ್ಸಿನಿಂದ ಇಳಿಯುವುದಕ್ಕೂ ಬೀಳುವುದಕ್ಕೂ ಇರುವ ವ್ಯತ್ಯಾಸ ಮಕ್ಕಳಿಗೂ ಗೊತ್ತು.

ಈ ವ್ಯತ್ಯಾಸ ಅಳಿಸಿಹೋದರೆ ನಷ್ಟ ಭಾಷೆಗೆ ಮಾತ್ರವಲ್ಲ. ದೇಶದಲ್ಲಿ ಸಾವಿರ ಜನನಕ್ಕೆ ಶಿಶುಮರಣ 2014ರಲ್ಲಿ 39 ಇತ್ತು. 2020ರಲ್ಲಿ 28ಕ್ಕೆ ಬಂತು. ಇದನ್ನು ‘ಶಿಶುಮರಣ ಪ್ರಮಾಣ ಕುಸಿತ’ ಎಂದು ಬರೆದರೆ ಅದು ತಾನಾಗಿಯೇ ಆದಂತೆ ತೋರುತ್ತದೆ. ‘ಇಳಿಯಿತು’ ಎಂದರೆ ‘ಇಳಿಸಿದವರು ಯಾರು’ ಎಂಬ ಪ್ರಶ್ನೆ ಹುಟ್ಟುತ್ತದೆ. ಮನೆ ಮನೆಗೆ ನಡೆದ ಆಶಾ ಕಾರ್ಯಕರ್ತೆ, ಲಸಿಕೆ ಹಾಕಿದ ದಾದಿ, ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದ ವೈದ್ಯೆ ಆಗ ನೆನಪಿಗೆ ಬರುತ್ತಾರೆ.

ತಿರುಗುಮುರುಗಾದರೂ ತಪ್ಪೇ. ಕೊಯ್ಲಿನ ಕೂಲಿಯೂ ಹುಟ್ಟದೆ ರೈತ ಟೊಮೆಟೊವನ್ನು ರಸ್ತೆಗೆ ಸುರಿಯುವಾಗ ‘ಬೆಲೆ ಇಳಿಕೆ’ ಎಂಬುದು ಪೇಟೆಯ ಗ್ರಾಹಕನ ಮಾತು. ಹೊಲದ ಕಡೆಯಿಂದ ನೋಡಿದರೆ ಅದು ಕುಸಿತವೇ.

ಶೀರ್ಷಿಕೆಯಲ್ಲಿ ಜಾಗವಿಲ್ಲ ಎಂಬ ನೆಪವೂ ನಿಲ್ಲದು. ‘ಕುಸಿತ’ಕ್ಕೆ ಮೂರಕ್ಷರ, ‘ಇಳಿಕೆ’ಗೂ ಮೂರೇ. ‘ಅವತಾರ’ ಎಂಬ ಪದದ ಮೂಲಾರ್ಥವೂ ಇಳಿದು ಬರುವುದು. ಗಂಗೆ ಭೂಮಿಗೆ ಬಂದ ಕತೆಯನ್ನು ಯಾರೂ ಗಂಗಾಪತನ ಎಂದು ಕರೆಯಲಿಲ್ಲ, ಗಂಗಾವತರಣ ಎಂದರು. ಸುದ್ದಿ ಬರೆಯುವವರು ಆ ಎಚ್ಚರವನ್ನು ಉಳಿಸಿಕೊಂಡರೆ ಸಾಕು.